ಬಲ ಮಗ್ಗುಲು

ಫೈಲು ನಿನ್ನೆ ಬಿಟ್ಟಲ್ಲೇ ತೆರೆದುಕೊಂಡಿತು. ಪ್ರೋಗ್ರಾಮು ಬರೆಯುವ ಎಡಿಟರಿನ ಒಳ್ಳೆಯ ಗುಣ ಅದು. ಮನುಷ್ಯ ಎಲ್ಲಿ ಎದ್ದು ಹೋದನೋ ಮಾರನೇ ದಿನ ಅದೇ ಜಾಗವನ್ನು ಕಣ್ಣೆದುರು ಹಿಡಿದು, ಬನ್ನಿ, ಕೂತ್ಕೊಳ್ಳಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ ಅನ್ನುವುದು. ಹದಿನೆಂಟು ವರ್ಷ ಅವನಿಗೆ ಈ ಉಪಚಾರ ಹಿತವಾಗಿಯೇ ಇತ್ತು. ಇವತ್ತು ಆ ಜಾಗ ಯಾವುದೆಂದೇ ತಿಳಿಯಲಿಲ್ಲ. ಅಕ್ಷರಗಳಿದ್ದವು, ಅವನೇ ಬರೆದ ಅಕ್ಷರಗಳು, ಆದರೆ ಒಂದು ಸಾಲಿಗೂ ತಲೆಯಿರಲಿಲ್ಲ. ಎಲ್ಲವೂ ನಡುವಿನಿಂದ ಶುರುವಾಗಿ ಬಲಕ್ಕೆ ಓಡುತ್ತಿದ್ದವು. ಕತ್ತನ್ನು ಎಡಕ್ಕೆ ತಿರುಗಿಸಿದ. ಇನ್ನೂ ತಿರುಗಿಸಿದ. ಮೊದಲ ಅಕ್ಷರ ಸಿಕ್ಕಿತು. ಸಿಕ್ಕಿದ್ದೇನೋ ಸಿಕ್ಕಿತು, ಅದರ ಹಿಂದೆ ಎಷ್ಟು ಜಾಗ ಖಾಲಿ ಬಿಟ್ಟಿದೆ ಅನ್ನುವುದು ಸಿಗಲಿಲ್ಲ. ಖಾಲಿಯನ್ನು ಕಾಣುವುದಕ್ಕೂ ಕಣ್ಣು ಬೇಕು ಎಂಬ ಸತ್ಯ ಅವನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಗಿತ್ತು. ಯಾರಿಗೆ ಬೇಕಿತ್ತೋ ಈ ಜ್ಞಾನ. ಮೌಸಿನ ಚಕ್ರವನ್ನು ಒಂದು ಸಲ ಉರುಳಿಸಿದ. ಸಾಲುಗಳು ಹುಯ್ಯೆಂದು ಮೇಲಕ್ಕೋಡಿ ಎಲ್ಲೋ ನಿಂತವು. ಇನ್ನೂ ಚೆನ್ನಾಯಿತು; ಮೊದಲು ಎಲ್ಲಿದ್ದನೋ ಅದೂ ಹೋಯಿತು. ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಮೀಟಿಂಗು. ಅಷ್ಟರೊಳಗೆ ತಾನು ಬರೆದ ಒಂಬತ್ತು ಸಾಲುಗಳನ್ನು ಇನ್ನೊಮ್ಮೆ ಓದಿ, ತಪ್ಪು ತನ್ನದಲ್ಲವೆಂದೋ ತನ್ನದೇ ಎಂದೋ ಖಚಿತ ಮಾಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ ತನ್ನ ಹತ್ತಿರ ಕಲಿತ ಹುಡುಗಿಯೊಬ್ಬಳ ಕೆಲಸ ಹೋಗುತ್ತಿತ್ತು.

ಕಣ್ಣಿಗೆ ಏನೂ ಆಗಿರಲಿಲ್ಲ. ಡಾಕ್ಟರು ಅದನ್ನು ಮೂರು ಸಲ ಹೇಳಿದ್ದರು. ಕಣ್ಣು ಚೆನ್ನಾಗಿದೆ, ಕಣ್ಣು ತಂದುಕೊಟ್ಟದ್ದನ್ನು ಇಸಿದುಕೊಳ್ಳುವ ಮಿದುಳಿನ ಹಿಂಭಾಗದಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿದೆ, ಅಷ್ಟೆ. ಅಷ್ಟೆ ಎಂಬ ಮಾತನ್ನು ಡಾಕ್ಟರುಗಳಷ್ಟು ಧಾರಾಳವಾಗಿ ಬಳಸುವವರು ಬೇರೆ ಯಾರೂ ಇಲ್ಲ. ಎರಡು ಕಣ್ಣಿನಲ್ಲೂ ಎಡಗಡೆಯ ಅರ್ಧ ಹೋಗಿತ್ತು. ಕತ್ತಲೆಯೂ ಅಲ್ಲ ಅದು. ಕತ್ತಲೆಯಾದರೆ ಕತ್ತಲೆಯಿದೆ ಅಂತಲಾದರೂ ಗೊತ್ತಾಗುತ್ತದೆ. ಬೆನ್ನ ಹಿಂದಿನ ಗೋಡೆ ಕಪ್ಪಾಗಿ ಕಾಣುವುದಿಲ್ಲವಲ್ಲ, ಸುಮ್ಮನೆ ಕಾಣುವುದೇ ಇಲ್ಲವಲ್ಲ, ಹಾಗೆ. ಎಡದಿಂದ ಬರುವ ಮನುಷ್ಯರು ಇದ್ದಕ್ಕಿದ್ದಂತೆ ಮೂಗಿನ ಮುಂದೆ ಹುಟ್ಟುತ್ತಿದ್ದರು. ಬಾಗಿಲ ಚೌಕಟ್ಟು ಎಡ ಹೆಗಲಿಗೆ ಬಡಿದ ಮೇಲೆ ಅಲ್ಲಿ ಬಾಗಿಲಿತ್ತೆಂದು ತಿಳಿಯುತ್ತಿತ್ತು. ಹೆಂಡತಿ ಡ್ರೈವಿಂಗ್ ಕಲಿಸುವವಳು, ದಿನಕ್ಕೆ ಹತ್ತು ಜನ ಹೊಸಬರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವಳು. ಮನೆಗೆ ಬಂದರೆ ಹನ್ನೊಂದನೆಯವನು ಇವನು. "ಎಡಗಡೆ ನೋಡ್ರೀ. ಕತ್ತು ಪೂರ್ತಿ ತಿರುಗ್ಸಿ. ಇಲ್ಲಿ ನನ್ನ ಕಾಲ ಕೆಳಗೆ ಬ್ರೇಕಿಲ್ಲ, ನೀವೇ ನೋಡ್ಕೋಬೇಕು." ಮೂರು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಹೊರಟ ದಿನ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದಳು, ಆಫೀಸಿನಲ್ಲಿ ಹೇಳ್ತೀರಾ ತಾನೆ? ಹೇಳ್ತೀನಿ. ಯಾವಾಗ? ಸಮಯ ಬರ್ಲಿ. "ಸಮಯ ಎಡಗಡೆಯಿಂದ ಬಂದ್ರೆ ನಿಮಗೆ ಕಾಣಲ್ಲ" ಅಂದಳು. ಅವನು ನಕ್ಕುಬಿಟ್ಟ. ಆಫೀಸಿನಲ್ಲಿ ಎಲ್ಲರಿಗೂ, ಸಣ್ಣದು, ಈಗ ಸರಿಹೋಗಿದೆ ಎಂದು ಹೇಳಿ, ಕೊಟ್ಟ ಹೂಗುಚ್ಛವನ್ನು ಇಸಿದುಕೊಂಡು ಸೀಟಿನಲ್ಲಿ ಕೂತ.

ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ, ಅದಕ್ಕೊಂದು ಕಾರಣವೂ ಇತ್ತು. ಆ ಫೈಲಿನಲ್ಲಿ ಒಂಬತ್ತು ಸಾವಿರ ಚಿಲ್ಲರೆ ಸಾಲು. ಲಿಫ್ಟು ತಯಾರಿಸುವ ಕಂಪನಿ ಅದು. ಲಿಫ್ಟು ಯಾವಾಗ ಏಳಬೇಕು, ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂದು ಹೇಳುವ ಪ್ರೋಗ್ರಾಮಿನ ಮುಖ್ಯ ಫೈಲು. ಬೇರೆಯವರಿಗೆ ಏನಾದರೂ ಬೇಕಾದರೆ ಹೆಸರು ಟೈಪು ಮಾಡಿ ಹುಡುಕುತ್ತಿದ್ದರು. ಅವನು ಹುಡುಕುತ್ತಿರಲಿಲ್ಲ, ಹೋಗುತ್ತಿದ್ದ. ಬಲ ಅಂಚಿನ ಸ್ಕ್ರಾಲ್ ಪಟ್ಟಿ ಮೇಲಿನಿಂದ ಎರಡು ಬೆರಳಗಲ ಇಳಿದರೆ ಬಾಗಿಲಿನ ಭಾಗ, ಅರ್ಧಕ್ಕೆ ಬಂದರೆ ತೂಕದ್ದು, ತಳಕ್ಕೆ ಇನ್ನೊಂದು ಬೆರಳಿದೆ ಅನ್ನುವಾಗ ಕರೆಂಟು ಹೋಗಿ ಬಂದರೆ ಏನು ಮಾಡಬೇಕೆಂಬ ಭಾಗ. ಚಕ್ರವನ್ನು ಒಂದೇ ಸಲ ಜೋರಾಗಿ ಉರುಳಿಸಿ, ಓಡುವ ಸಾಲುಗಳ ಆಕಾರ ನೋಡುತ್ತಲೇ ತಟ್ಟನೆ ಬೆರಳಿಟ್ಟು ನಿಲ್ಲಿಸಿದರೆ, ಬೇಕಾದ ಸಾಲು ಕಣ್ಣೆದುರೇ ನಿಂತಿರುತ್ತಿತ್ತು. ಹೊಸಬರು ಬಂದಾಗ ಈ ಆಟ ತೋರಿಸುವುದು ಅವನಿಗೊಂದು ಚಟ. ಹಾಗೆ ನೋಡಿದವರಲ್ಲಿ ಒಬ್ಬಳು ನಾಲ್ಕು ವರ್ಷದ ಹಿಂದೆ, ಇಪ್ಪತ್ತೆರಡರ ಹುಡುಗಿ, ಒಂದು ವಾರ ಸುಮ್ಮನೆ ನೋಡಿ ಎಂಟನೇ ದಿನ ಅವನಿಗಿಂತ ಜೋರಾಗಿ ಚಕ್ರ ಉರುಳಿಸಿ ಅವನಿಗಿಂತ ಸರಿಯಾಗಿ ನಿಲ್ಲಿಸಿದಳು. ಅವನೇ ಅವಳಿಗೆ ಗಾಳಿ ಎಂದು ಹೆಸರಿಟ್ಟ. ಈಗ ಮಹಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ. ಅಂಥ ಮನುಷ್ಯ ಬಾಯಿಬಿಟ್ಟು, ನನಗೆ ಸಾಲಿನ ಬುಡ ಕಾಣುತ್ತಿಲ್ಲ ಅನ್ನುವುದು ಹೇಗೆ? ಬುಡ ಕಾಣದಿದ್ದರೆ ಅಲ್ಲಿ ಉಳಿಯುವುದಾದರೂ ಏನು? ಅವರ ಕಂಪನಿಯ ಸ್ವಂತ ಭಾಷೆಯಲ್ಲಿ ಎಡಗಡೆ ಬಿಡುವ ಖಾಲಿ ಜಾಗವೇ ಅರ್ಥ. ಒಂದು ಷರತ್ತು ಬರೆದು, ಅದರ ಅಡಿಯಲ್ಲಿ ನಾಲ್ಕು ಅಕ್ಷರದಷ್ಟು ಒಳಕ್ಕೆ ಸರಿದು ಬರೆದದ್ದೆಲ್ಲ ಆ ಷರತ್ತಿಗೆ ಸೇರಿದ್ದು. ಮತ್ತೆ ನಾಲ್ಕು ಹೊರಕ್ಕೆ ಬಂದರೆ ಷರತ್ತು ಮುಗಿಯಿತು. ಆ ನಾಲ್ಕರ ಲೆಕ್ಕವೇ ಅವನ ಪಾಲಿಗೆ ಇಲ್ಲವಾಗಿತ್ತು. ಪ್ರತಿ ಸಾಲಿನ ಮೇಲೆ ಕರ್ಸರ್ ಇಟ್ಟರೆ ಕೆಳಗಿನ ಮೂಲೆಯಲ್ಲಿ ಎಷ್ಟನೇ ಅಕ್ಷರವೆಂದು ಅಂಕಿ ಬರುತ್ತದೆ, ನಿಜ. ಆ ಅಂಕಿ ನೋಡಿ ಕಣ್ಣು ವಾಪಸು ಬರುವಷ್ಟರಲ್ಲಿ ಸಾಲೇ ಕೈತಪ್ಪುತ್ತಿತ್ತು.

ಆರು ದಿನದ ಹಿಂದೆ ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ಬಟ್ಟೆ ತೊಳೆಯುವ ಹೆಂಗಸೊಬ್ಬಳು ಮಾಸಿದ ಹೊದಿಕೆಗಳ ಗಾಡಿಯ ಜೊತೆ ಹನ್ನೊಂದು ನಿಮಿಷ ಸಿಕ್ಕಿಹಾಕಿಕೊಂಡಿದ್ದಳು. ಮೂರನೇ ಮಹಡಿ, ಕರೆಂಟು ಹೋಯಿತು, ಬಂತು, ದೀಪ ಹತ್ತಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ಬಾಗಿಲಿಗೆ ಬಾರಿಸಿದಳಂತೆ. ಹೊರಗೆ ಬಂದ ಮೇಲೆ ಲಿಫ್ಟು ಮಾಡಿದವರ ಏಳು ತಲೆಮಾರನ್ನೂ ನೆನೆದಳಂತೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಆಗಬಹುದಿತ್ತಲ್ಲ. ಅದರ ಹಿಂದಿನ ವಾರವಷ್ಟೇ ಆ ಲಿಫ್ಟಿಗೆ ಹೊಸ ಪ್ರೋಗ್ರಾಮು ಕಳಿಸಿದ್ದರು. ಅದರಲ್ಲಿ ಗಾಳಿ ಬದಲಾಯಿಸಿದ್ದು ಇನ್ನೂರ ನಲವತ್ತು ಸಾಲು, ಅವನು ಬರೆದದ್ದು ಒಂಬತ್ತು. ಆರು ದಿನದಿಂದ ಎಲ್ಲರೂ ಆ ಇನ್ನೂರ ನಲವತ್ತರಲ್ಲಿ ತಪ್ಪು ಹುಡುಕುತ್ತಿದ್ದರು. ಸಿಕ್ಕಿರಲಿಲ್ಲ. ಸಿಗದಿದ್ದರೇನು, ಅಲ್ಲೇ ಎಲ್ಲೋ ಇರಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವಳಿಗೂ. ಅವನ ಒಂಬತ್ತು ಸಾಲನ್ನು ಯಾರೂ ತೆರೆದೂ ನೋಡಲಿಲ್ಲ. ಹದಿನೆಂಟು ವರ್ಷದ ಕೈ! ಆ ಮರ್ಯಾದೆಯ ಮರೆಯಲ್ಲಿ ಅವನು ಆರು ದಿನ ಕೂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಳ್ಳ ಎಂದು ಕೂಗಿದ್ದು ಬೇರೆಯವರನ್ನು, ಹೆಗಲು ಮುಟ್ಟಿಕೊಳ್ಳುತ್ತಿದ್ದವನು ಇವನು. ಒಂಬತ್ತು ಸಾಲನ್ನೂ ದಿನಕ್ಕೆ ಹತ್ತು ಸಲ ಓದಿದ್ದ. ಸರಿಯಾಗಿದೆ ಅನ್ನಿಸಿತ್ತು. ನಿಜಕ್ಕೂ ಸರಿಯಿತ್ತೋ, ಸರಿಯಾಗಿರಲಿ ಎಂದು ಅವನೇ ಹಾಗಂದುಕೊಂಡಿದ್ದನೋ, ಅದನ್ನು ಮಾತ್ರ ಯಾವ ಅಂಕಿಯೂ ಹೇಳಲಿಲ್ಲ.

ಹತ್ತೂಕಾಲಿಗೆ ನೀರು ತರಲು ಎದ್ದ. ನೀರಿನ ಫಿಲ್ಟರಿನ ಹತ್ತಿರ ಬಾಟಲಿ ಹಿಡಿದು ನಿಂತಾಗ ಬಲಗಡೆಯ ಕಿಟಕಿಯಾಚೆ ಎದುರು ಕಟ್ಟಡದಲ್ಲಿ ಗಾಜು ಒರೆಸುವವನು ಹಗ್ಗಕ್ಕೆ ಜೋತು ತನ್ನಷ್ಟಕ್ಕೆ ಹಾಡು ಗುನುಗುತ್ತಿರುವುದು ಬಾಯಾಡುವುದರಿಂದಲೇ ತಿಳಿಯುತ್ತಿತ್ತು. ಎಷ್ಟು ಆರಾಮಾಗಿದ್ದಾನೆ ಪುಣ್ಯಾತ್ಮ, ಕೆಳಗೆ ಎಂಟು ಮಹಡಿ ಖಾಲಿ ಇಟ್ಟುಕೊಂಡು ಎಂದುಕೊಂಡ. ಬಾಟಲಿ ತುಂಬಿತು, ತಿರುಗಿ ಹೊರಟ. ಹಿಂದಿನಿಂದ "ಸರ್" ಎಂಬ ದನಿ. ಗಾಳಿ ಅಲ್ಲೇ ಇದ್ದಳು, ಅಷ್ಟು ಹೊತ್ತೂ ಅವನ ಎಡಕ್ಕೆ, ಮೊಳಕೈ ತಾಗುವಷ್ಟು ಹತ್ತಿರ. "ಸರ್, ಬೆಳಿಗ್ಗೆಯಿಂದ ಮೂರು ಸಲ ನಿಮ್ಮ ಪಕ್ಕ ಬಂದು ನಿಂತೆ. ಮೊನ್ನೆಯೂ ಹಾಗೇ. ನನ್ನ ಮುಖ ನೋಡೋಕೂ ಇಷ್ಟ ಇಲ್ವಾ ನಿಮಗೆ?" ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು, ಕೂದಲು ಬಾಚಿರಲಿಲ್ಲ. ಇಲ್ಲಮ್ಮ, ಹಾಗಲ್ಲ ಅಂದ. "ಬೈದುಬಿಡಿ ಸರ್, ಪರವಾಗಿಲ್ಲ. ನೀವು ಕಲಿಸಿದ ಫೈಲಲ್ಲೇ ನಾನು ಹೀಗೆ ಮಾಡಿದೆ ಅಂತ..." ಅವಳು ಬಾಟಲಿಯ ಮುಚ್ಚಳ ತಿರುವುತ್ತ ಹೋಗಿಬಿಟ್ಟಳು. ಅವನು ನೀರು ಕುಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದ. ಎತ್ತು ಪಕ್ಕದಲ್ಲೇ ನಿಂತು ನೀರು ಕುಡಿಯುವುದನ್ನು ಕೇಳಿರಲಿಲ್ಲ. ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಂಡ, ಸಾಕಷ್ಟು ಜೋರಾಗಿ.

ಉಪಾಯ ಅವನಲ್ಲಿ ಇತ್ತು, ಅದೇ ದೊಡ್ಡ ಸಂಕಟ. ರಜೆಯ ಎರಡನೇ ತಿಂಗಳು, ಒಂದು ಮಧ್ಯಾಹ್ನ, ಮಂಚದ ಮೇಲೆ ಬಲ ಮಗ್ಗುಲಾಗಿ ಬಿದ್ದುಕೊಂಡಿದ್ದ. ಬಲ ಕಿವಿ ದಿಂಬಿಗೆ, ಎದುರಿನ ಕುರ್ಚಿಯ ಮೇಲೆ ಕಾಲೇಜು ಓದುವ ಮಗಳ ಲ್ಯಾಪ್‌ಟಾಪು, ಅದರಲ್ಲಿ ಅವಳು ಅರ್ಧ ಬರೆದಿಟ್ಟ ಪ್ರೋಗ್ರಾಮು. ಕಣ್ಣು ಸುಮ್ಮನೆ ಅತ್ತ ಹೋಯಿತು. ಹೋದದ್ದು ಅಲ್ಲೇ ನಿಂತಿತು. ತಲೆ ಅಡ್ಡವಾಗಿದ್ದಕ್ಕೆ ಸಾಲುಗಳು ಅವನಿಗೆ ಕೆಳಗಿನಿಂದ ಮೇಲಕ್ಕೆ ಎದ್ದು ನಿಂತಿದ್ದವು. ಸಾಲಿನ ತಲೆ ಈಗ ಎಡಕ್ಕಿರಲಿಲ್ಲ, ಕೆಳಕ್ಕಿತ್ತು. ಕೆಳಗು ಅವನಿಗೆ ಕಾಣುತ್ತದೆ! ಮುಂದಿನ ಸಾಲು ಬಲಕ್ಕೆ, ಅದರ ಮುಂದಿನದು ಇನ್ನೂ ಬಲಕ್ಕೆ, ಬಲವೂ ಕಾಣುತ್ತದೆ. ಮರೆಯಾಗುತ್ತಿದ್ದದ್ದು ಓದಿ ಮುಗಿಸಿದ್ದು ಮಾತ್ರ. ಬಿಟ್ಟ ಖಾಲಿ ಜಾಗ ಸಾಲಿನ ಕಾಲ ಕೆಳಗಿನ ಎತ್ತರವಾಗಿತ್ತು: ಕೆಲವು ಸಾಲು ನೆಲದ ಮೇಲೆ, ಕೆಲವು ಒಂದು ಮೆಟ್ಟಿಲು ಮೇಲೆ, ಕೆಲವು ಎರಡು. ಉಸಿರು ಬಿಗಿಹಿಡಿದು ನೋಡಿದ. ಎದ್ದು ಕೂತ, ಹೋಯಿತು. ಮಲಗಿದ, ಬಂತು. ಹೀಗೆ ನಾಲ್ಕು ಸಲ ಎದ್ದು ಮಲಗಿದ್ದನ್ನು ಮಗಳು ಬಾಗಿಲಿನಿಂದ ನೋಡಿ, "ಅಪ್ಪಾ, ಏನಿದು ವ್ಯಾಯಾಮ?" ಅಂದಳು. "ನಿನ್ನ ಹದಿನಾರನೇ ಸಾಲು ಒಂದು ಮೆಟ್ಟಿಲು ಮೇಲೆ ನಿಂತಿದೆ, ಕೆಳಗಿಳಿಸು" ಅಂದ. ಅವಳು ನೋಡಿದಳು, ಇಳಿಸಿದಳು, ಎರಡು ದಿನದಿಂದ ಓಡದ ಪ್ರೋಗ್ರಾಮು ಓಡಿತು. ಅಪ್ಪ ಮಗಳು ಕುಣಿದದ್ದಕ್ಕೆ ಹೆಂಡತಿ ಒಳಗಿನಿಂದ ಬಂದು ಯಾರು ಪಾಸಾದ್ರಿ ಎಂದು ಕೇಳಿದ್ದಳು. ಆಮೇಲೆ ದಿನಾ ಅಭ್ಯಾಸ. ಮೊದಮೊದಲು ಅಡ್ಡ ಅಕ್ಷರಕ್ಕೆ ತಲೆನೋವು, ಹದಿನೈದು ದಿನಕ್ಕೆ ಪರವಾಗಿಲ್ಲ, ತಿಂಗಳಿಗೆ ಸರಾಗ. ಆದರೆ ಆಫೀಸಿನ ಫೈಲನ್ನು ಮನೆಗೆ ಒಯ್ಯುವಂತಿಲ್ಲ, ಆಫೀಸಿನಲ್ಲಿ ಮಲಗುವಂತಿಲ್ಲ. ಮಾನಿಟರನ್ನಾದರೂ ಅದರ ಕಾಲಿನ ಮೇಲೆ ತಿರುಗಿಸಿ ನಿಲ್ಲಿಸಬಹುದಿತ್ತು. ಬಂದ ಮೊದಲ ವಾರ ಒಮ್ಮೆ ಎರಡೂ ಕೈ ಹಾಕಿ ಅರ್ಧ ತಿರುಗಿಸಿಯೂ ಇದ್ದ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ, ಏನ್ ಸರ್, ಕೆಟ್ಟುಹೋಯ್ತಾ ಅಂದ. ಧೂಳು ಒರೆಸ್ತಿದ್ದೆ ಅಂದು ನೆಟ್ಟಗೆ ಮಾಡಿದ. ಮಾನಿಟರು ತಿರುಗಿದರೆ ಹತ್ತು ಜನ ಕೇಳುತ್ತಾರೆ, ಹತ್ತು ಜನಕ್ಕೆ ಹೇಳಬೇಕು, ಹೇಳಿದರೆ ನಾಳೆ ಇನ್ಯಾವುದೋ ಕೋಣೆಯಲ್ಲಿ ಯಾರೂ ಓದದ ಕೈಪಿಡಿ ಬರೆಯಲು ಕೂರಿಸುತ್ತಾರೆ. ಆ ಹೆದರಿಕೆಯಲ್ಲೇ ಬಂದ ಮೂರನೇ ದಿನ, ನೆಟ್ಟಗಿನ ಮಾನಿಟರಿನ ಮುಂದೆ ನೆಟ್ಟಗೆ ಕೂತು, ಕುರುಡು ಅಂದಾಜಿನಲ್ಲಿ ಒಂಬತ್ತು ಸಾಲು ಬರೆದ.

ಮೀಟಿಂಗ್ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಬಿಗಿದ ದೊಡ್ಡ ಸ್ಕ್ರೀನು. ಮೇಜಿನ ತಲೆಯಲ್ಲಿ ವಿಭಾಗದ ಮುಖ್ಯಸ್ಥ. ಐದು ನಿಮಿಷಕ್ಕೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅಭ್ಯಾಸಕ್ಕೆ ಅವನನ್ನು ಹಿಂದಿನಿಂದ ಎಲ್ಲರೂ ಗಡಿಯಾರ ಅನ್ನುವುದು. ಅವನೂ ಇವನೂ ಒಂದೇ ವರ್ಷ ಸೇರಿದವರು, ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುವವರು. ಪಕ್ಕದಲ್ಲಿ ಸಿಬ್ಬಂದಿ ವಿಭಾಗದ ಹೆಂಗಸು, ಅವಳ ಮುಂದೆ ಒಂದು ಅಚ್ಚಾದ ಹಾಳೆ. ಗಾಳಿ ಕೀಬೋರ್ಡಿನ ಮುಂದೆ. ಅವನು ಎಲ್ಲರೂ ತನ್ನ ಬಲಕ್ಕೆ ಬರುವ ಹಾಗೆ ಎಡತುದಿಯ ಕುರ್ಚಿ ಹಿಡಿದ. ಗಾಳಿ ತನ್ನ ಇನ್ನೂರ ನಲವತ್ತು ಸಾಲನ್ನು ತೋರಿಸತೊಡಗಿದಳು. ಗೋಡೆಯಗಲದ ಅಕ್ಷರಗಳು ಅವಳ ಬೆರಳಿಗೆ ಏಳುತ್ತ ಇಳಿಯುತ್ತ, ಇಲ್ಲಿ ನೋಡಿ ಸರ್ ಎಂದು ನಿಂತು, ನೋಡುವಷ್ಟರಲ್ಲಿ ಮತ್ತೆ ಓಡುತ್ತಿದ್ದವು. ನಲವತ್ತು ನಿಮಿಷ ಕಳೆಯಿತು. ಗಡಿಯಾರ ಮಣಿಕಟ್ಟು ನೋಡಿಕೊಂಡು, "ನೋಡಮ್ಮ, ಎಲ್ಲಿ ಅಂತ ಸಿಗದಿದ್ರೂ ಆಸ್ಪತ್ರೆಯವರಿಗೆ ಇವತ್ತು ಉತ್ತರ ಕೊಡ್ಲೇಬೇಕು. ಸದ್ಯಕ್ಕೆ ನಿನ್ನನ್ನ ಈ ಕೆಲಸದಿಂದ ಬಿಡಿಸ್ತೀವಿ. ಆಮೇಲಿಂದು ಆಮೇಲೆ" ಅಂದ. ಆಮೇಲಿನದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಅಚ್ಚಾದ ಹಾಳೆ ಗಡಿಯಾರನ ಕಡೆ ಸರಿಯಿತು. ಅದರಲ್ಲಿ ಎರಡು ಚೌಕ: ದೋಷಕ್ಕೆ ಕಾರಣರಾದವರು, ದೋಷ ಪತ್ತೆ ಮಾಡಿದವರು. ಮೊದಲನೆಯದರಲ್ಲಿ ಪೆನ್ಸಿಲಿನಲ್ಲಿ ಗಾಳಿಯ ನಿಜವಾದ ಹೆಸರಿತ್ತು. ಎರಡನೆಯದು ಖಾಲಿ. ಗಡಿಯಾರ ಪೆನ್ನಿನ ಮುಚ್ಚಳ ತೆಗೆದು, ಔಪಚಾರಿಕವಾಗಿ ಎಂಬಂತೆ ಅವನ ಕಡೆ ತಿರುಗಿದ. "ನೀನೊಂದು ಮಾತು ಹೇಳಯ್ಯ. ನಿನ್ನ ಕಣ್ಣಿಗೆ ಏನು ಕಾಣ್ಸುತ್ತೆ?"

"ನನ್ನ ಒಂಬತ್ತು ಸಾಲು ನೋಡಿದ್ರಾ?" ಅಂದ ಅವನು. ನಿಂದಾ, ನಿಂದೇನು ನೋಡೋದು ಎಂದು ಗಡಿಯಾರ ನಕ್ಕ. ನಗುತ್ತಲೇ ಪೆನ್ನು ಹಾಳೆಗೆ ತಾಗಿಸಿದ. ಅವನಿಗೆ ಆ ಪೆನ್ನಿನ ಮೊನೆ ಬಹಳ ಸ್ಪಷ್ಟವಾಗಿ ಕಂಡಿತು, ಬಲಗಡೆ ಇತ್ತಲ್ಲ. ಸಮಯ ಬರಲಿ ಎಂದಿದ್ದ. ಇದೇ ಇರಬೇಕು ಅದು, ಸದ್ಯ ಬಲದಿಂದಲೇ ಬಂತು. "ಒಂದು ನಿಮಿಷ ಇರು" ಅಂದು ಬಗ್ಗಿ ಬೂಟು ಕಳಚಿದ. ಒಂದು, ಆಮೇಲೆ ಇನ್ನೊಂದು. ಕುರ್ಚಿಯ ಮೇಲೆ ಕಾಲಿಟ್ಟು ಮೇಜು ಹತ್ತಿದ. ಕಾಲ್ಚೀಲದ ಹೆಬ್ಬೆರಳಲ್ಲಿ ತೂತಿತ್ತು, ಇರಲಿ. ನೀರಿನ ಲೋಟವನ್ನು ಆಚೆ ಸರಿಸಿ, ಸ್ಕ್ರೀನಿಗೆ ಮುಖ ಮಾಡಿ, ಬಲಗೈ ಮಡಿಸಿ ಕಿವಿಯ ಕೆಳಗಿಟ್ಟುಕೊಂಡು, ಮೇಜಿನ ಮೇಲೆ ಬಲ ಮಗ್ಗುಲಾಗಿ ಮಲಗಿದ.

ಕುರ್ಚಿಗಳು ಕಿರ್ರೆಂದವು. "ಅಯ್ಯೋ, ಮತ್ತೆ ಬಂತು! ಆಂಬುಲೆನ್ಸ್‌ಗೆ ಫೋನ್ ಮಾಡಿ!" ಎಂದು ಸಿಬ್ಬಂದಿ ವಿಭಾಗದವಳು ಎದ್ದಳು. ಗಡಿಯಾರ ಓಡಿಬಂದು ಅವನ ಅಂಗಿಯ ಗುಂಡಿ ಬಿಚ್ಚತೊಡಗಿದ. "ಕೈ ತೆಗಿಯೋ ಮಾರಾಯ, ನನಗೇನೂ ಆಗಿಲ್ಲ. ಆಗಿದ್ದು ನಾಲ್ಕು ತಿಂಗಳ ಹಿಂದೆ. ಎಡಗಡೆ ಅರ್ಧ ಕಾಣಲ್ಲ ನನಗೆ. ಹೀಗೆ ಮಲಗಿದ್ರೆ ಮಾತ್ರ ಕೋಡ್ ಓದೋಕಾಗುತ್ತೆ. ಸ್ಕ್ರೀನ್ ಬಿಟ್ಟು ಪಕ್ಕಕ್ಕೆ ನಿಂತ್ಕೋ." ಮಾತು ಎಷ್ಟು ಸುಲಭವಾಗಿ ಹೊರಬಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು, ಇಷ್ಟೇನಾ, ಇಷ್ಟಕ್ಕಾ ಆರು ದಿನ. ಗಡಿಯಾರ ಪಕ್ಕಕ್ಕೆ ನಿಂತ. "ಗಾಳಿ, ಇದ್ದೀಯಾ?" ಇದ್ದೀನಿ ಸರ್ ಎಂಬ ಸಣ್ಣ ದನಿ. "ಪಟ್ಟಿ ತಳಕ್ಕೆ ಎಳಿ. ಒಂದು ಬೆರಳು ಉಳಿಸು. ಕರೆಂಟಿನ ಭಾಗ." ಸಾಲುಗಳು ಓಡಿ ನಿಂತವು. "ಈಗ ಆ ಚ‌ಕ್ರ ಮುಟ್ಬೇಡ. ಕರ್ಸರ್ ಇರೋ ಸಾಲು ಯಾವಾಗ್ಲೂ ಸ್ಕ್ರೀನ್ ನಡುವಲ್ಲೇ ನಿಲ್ಲೋ ಹಾಗೆ ಒಂದು ಸೆಟ್ಟಿಂಗ್ ಇದೆಯಲ್ಲ, ಅದನ್ನ ಹಾಕು. ಹಾಕಿದ್ಯಾ? ಈಗ ಕೆಳಗಿನ ಬಾಣ. ಒಂದೊಂದೇ ಸಾಲು. ನಾನು ಹೇಳಿದಾಗ ಮಾತ್ರ ಒತ್ತು."

ಒತ್ತಿದಳು. ಆಹಾ! ಅವನು ಕದಲಬೇಕಾಗಿರಲಿಲ್ಲ, ಕಣ್ಣು ಅಲೆಯಬೇಕಾಗಿರಲಿಲ್ಲ. ಗೋಡೆಯ ನಟ್ಟನಡುವೆ ನೋಟ ನೆಟ್ಟು ಮಲಗಿದರೆ ಸಾಕು, ಸಾಲುಗಳೇ ಬಲದಿಂದ ಒಂದೊಂದಾಗಿ ನಡೆದುಬಂದು, ಎದುರಿಗೆ ನೆಟ್ಟಗೆ ನಿಂತು, ತಾನು ಯಾವ ಎತ್ತರದಲ್ಲಿದ್ದೇನೆಂದು ತೋರಿಸಿ, ಎಡಕ್ಕೆ ಸರಿದು ಇಲ್ಲವಾಗುತ್ತಿದ್ದವು. ಮನೆಯ ಸಣ್ಣ ಸ್ಕ್ರೀನಿನಲ್ಲಿ ಮಗಳ ಇಪ್ಪತ್ತು ಸಾಲು ಓದಿದ್ದು ಬೇರೆ. ಇದು ಅವನ ಫೈಲು, ಹದಿನೆಂಟು ವರ್ಷದ್ದು. ಮೂರು ತಿಂಗಳು, ಮೇಲೆ ಈ ಕೆಲವು ವಾರ, ಅದರೊಳಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟವನ ಹಾಗೆ ಅಲೆದಿದ್ದ. ಈಗ ಇದು ಇಲ್ಲಿ, ಅದು ಅಲ್ಲಿ, ಇಲ್ಲಿಂದ ಆರು ಸಾಲಿಗೆ ಗಂಟೆ ಬಾರಿಸುವ ಆಜ್ಞೆ ಬರಬೇಕು ಎಂದುಕೊಂಡ. ಆರನೇ ಒತ್ತಿಗೆ ಬಂತು, ನೆಲದ ಮೇಲೆ ನಿಂತು. ಬಾ ಎಂದ ಮನಸ್ಸಿನಲ್ಲೇ, ಬಾರಪ್ಪ ಬಾ. ಯಾರಾದರೂ ನೋಡಿದರೆ ಅಳುತ್ತಿದ್ದಾನೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ, ಅಳುತ್ತಲೇ ಇದ್ದ. "ಒತ್ತು." ಕರೆಂಟು ಬಂದರೆ ಎಂಬ ಸಾಲು, ನೆಲದ ಮೇಲೆ. ಇಲ್ಲಿಂದ ಅವನ ಒಂಬತ್ತು. "ಒತ್ತು." ಲಿಫ್ಟು ಎರಡು ಮಹಡಿಯ ನಡುವೆ ನಿಂತಿದ್ದರೆ, ಒಂದು ಮೆಟ್ಟಿಲು ಮೇಲೆ, ಸರಿ. "ಒತ್ತು." ಹತ್ತಿರದ ಮಹಡಿಗೆ ನಿಧಾನವಾಗಿ ಹೋಗು, ಎರಡು ಮೆಟ್ಟಿಲು, ಸರಿ. ವೇಗದ್ದೂ ಎರಡನೇ ಮೆಟ್ಟಿಲು, ಗಂಟೆಯದ್ದೂ ಅದೇ, ನಿಲ್ಲುವುದೂ ಅದೇ. "ಒತ್ತು." ಬಾಗಿಲು ತೆರೆ. ಬಾಗಿಲು ತೆರೆ ಎಂಬ ಸಾಲು ಒಂದನೇ ಮೆಟ್ಟಿಲಿಗೆ ಇಳಿದು ನಿಲ್ಲಬೇಕಿತ್ತು. ನಡುವೆ ನಿಂತಿರಲಿ, ಮಹಡಿಯಲ್ಲೇ ನಿಂತಿರಲಿ, ಕರೆಂಟು ಬಂದ ಮೇಲೆ ಬಾಗಿಲು ತೆರೆಯಲೇಬೇಕು. ಅದು ಇನ್ನೂ ಎರಡನೇ ಮೆಟ್ಟಿಲ ಮೇಲೆಯೇ ನಿಂತಿತ್ತು. ನಡುವೆ ಸಿಕ್ಕಿದ ಲಿಫ್ಟಿಗೆ ಮಾತ್ರ ಬಾಗಿಲು. ಮೂರನೇ ಮಹಡಿಯಲ್ಲಿ ನೆಟ್ಟಗೆ ನಿಂತಿದ್ದ ಲಿಫ್ಟಿಗೆ ಬಾಗಿಲಿಲ್ಲ. ಪರೀಕ್ಷೆ ಮಾಡುವವರು ಪ್ರತಿ ಸಲ ಲಿಫ್ಟನ್ನು ನಡುವೆಯೇ ನಿಲ್ಲಿಸಿ ನೋಡಿದ್ದರು, ಪ್ರತಿ ಸಲ ತೆರೆದಿತ್ತು. ಬಟ್ಟೆ ತೊಳೆಯುವ ಹೆಂಗಸು ಬಾರಿಸಿದ ಚಪ್ಪಲಿ ನ್ಯಾಯವಾಗಿ ಬೀಳಬೇಕಾಗಿದ್ದು ಈ ನಾಲ್ಕು ಅಕ್ಷರದ ಖಾಲಿಗೆ, ಅದನ್ನು ಬಿಟ್ಟ ಕೈಗೆ.

"ಸಿಕ್ತು!" ಎಂದು ಕೂಗಿದ. ಪಕ್ಕದ ಕೋಣೆಯವರಿಗೂ ಕೇಳಿತಂತೆ. "ಸಿಕ್ತು ಕಣಯ್ಯ! ನಂದು! ತಪ್ಪು ನಂದೇ! ಒಂದು ಮೆಟ್ಟಿಲು ಮೇಲಿದೆ ನೋಡೋ, ಕಾಣ್ತಾ ಇದೆ, ನನಗೆ ಕಾಣ್ತಾ ಇದೆ!" ಮಲಗಿದಲ್ಲೇ ಮೇಜಿಗೆ ಎಡಗೈಯಿಂದ ದಬದಬ ಬಡಿದ. ತನ್ನ ತಪ್ಪು ಹಿಡಿದು ಇಷ್ಟು ಸಂಭ್ರಮಪಟ್ಟವನನ್ನು ಸಿಬ್ಬಂದಿ ವಿಭಾಗದ ಆ ಹೆಂಗಸು ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಇವರಿಗೆ ಸ್ವಲ್ಪ ನೀರು ಕೊಡಿ ಅಂದಳು. ಗಡಿಯಾರ ಸ್ಕ್ರೀನಿನ ಹತ್ತಿರ ಹೋಗಿ, ಬೆರಳಿಟ್ಟು ಎಣಿಸಿ, ಮತ್ತೆ ಎಣಿಸಿ, ತಲೆಯ ಮೇಲೆ ಕೈ ಇಟ್ಟುಕೊಂಡ. "ಹೌದಲ್ಲೋ." ಆಮೇಲೆ ಇತ್ತ ತಿರುಗಿ, "ಆದ್ರೆ ಹೀಗೆ ದಿನಾ ಮೇಜಿನ ಮೇಲೆ ಮಲಗಿ ಕೆಲಸ ಮಾಡ್ತೀಯೇನಯ್ಯ?" ಅಂದ. "ಮಾನಿಟರ್ ತಿರುಗ್ಸಿ ಕೂತ್ರೆ ಆಯ್ತು. ನಾಳೆಯಿಂದ ತಿರುಗ್ಸೇ ಇಡ್ತೀನಿ. ಬೇಡ ಅಂದ್ರೆ ಹೇಳು, ದಿನಾ ಇಲ್ಲೇ ಬಂದು ಮಲಗ್ತೀನಿ."

ಅವನು ಎದ್ದು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಕತ್ತು ಪೂರ್ತಿ ತಿರುಗಿಸಿ ಗಾಳಿಯನ್ನು ಹುಡುಕಿದ. ಮುಖ ಕೆಂಪಾಗಿತ್ತು. "ಆರು ದಿನ, ಸರ್" ಅಂದಳು. "ಆರು ದಿನ ನಾನು ಮನೆಯಲ್ಲಿ ಯಾರ ಹತ್ರಾನೂ ಸರಿಯಾಗಿ ಮಾತಾಡಿಲ್ಲ. ಆ ಇನ್ನೂರ ನಲವತ್ತು ಸಾಲು ಈಗ ನನಗೆ ಬಾಯಿಪಾಠ ಬರುತ್ತೆ, ಗೊತ್ತಾ? ಆ ಲಿಫ್ಟಲ್ಲಿ ಇದ್ದೋರಿಗೆ ಏನಾದ್ರೂ ಆಗಿದ್ರೆ ಅಂತ ನಾನು... ನೀವು ಪಕ್ಕದಲ್ಲೇ ಇದ್ರಿ! ಒಂದು ಮಾತು ಹೇಳಿದ್ರೆ ನಾನೇ ನಿಮ್ಮ ಸಾಲು ಓದಿ ಹೇಳ್ತಿರ್ಲಿಲ್ವಾ?" ಹೇಳ್ಬೇಕಿತ್ತು ಅಂದ. "ಹೇಳ್ಬೇಕಿತ್ತು ಅಂದ್ರೆ ಆಗೋಯ್ತಾ?" ಆಗಲ್ಲ ಅಂದ. ಬೈಗುಳ ನೇರವಾಗಿ ಎದೆಗೆ ಬಿತ್ತು, ನಾಚಿಕೆಯಾಯಿತು, ಕಿವಿ ಬಿಸಿಯಾಯಿತು. ಅದರ ಅಡಿಯಲ್ಲೇ ಆ ಸಂತೋಷವೂ ಕುಣಿಯುತ್ತಿತ್ತು, ಎಷ್ಟು ಅದುಮಿದರೂ ಅಡಗಲಿಲ್ಲ. ಏನು ಮಾಡಿದರೂ ಬಾಯಿ ನಗುವಿನ ಕಡೆಗೇ ಎಳೆಯುತ್ತಿತ್ತು. "ನಗ್ಬೇಡಿ ಸರ್!" ಅಂದಳು. ತಪ್ಪಾಯ್ತಮ್ಮ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಗಡಿಯಾರ ಮೇಜಿನ ತಲೆಗೆ ಹೋಗಿ ಕೂತು, ಮೊದಲ ಚೌಕದ ಪೆನ್ಸಿಲಿನ ಹೆಸರನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದ. ಪುಡಿಯನ್ನು ಊದಿದ. ಪೆನ್ನು ಹಿಡಿದು ಕೇಳಿದ, "ದೋಷಕ್ಕೆ ಕಾರಣರಾದವರು?"

"ನನ್ನ ಹೆಸರು ಬರಿ. ಪೂರ್ತಿ ಬರಿ, ಇನಿಷಿಯಲ್ ಸಮೇತ."

ಬರೆದ. "ಪತ್ತೆ ಮಾಡಿದವರು?"

"ಅಲ್ಲೂ ನನ್ನ ಹೆಸರೇ ಬರಿ!"

ಇಂಥ ವರದಿ ಇಲ್ಲೀವರೆಗೆ ಬಂದಿಲ್ಲ ಎಂದು ಸಿಬ್ಬಂದಿ ವಿಭಾಗದವಳು ಗೊಣಗಿದಳು. ಗಡಿಯಾರನ ಪೆನ್ನು ಎರಡನೇ ಚೌಕದ ಮೇಲೆ ಬಂತು.

"ಸ್ವಲ್ಪ ಇರಿ" ಅಂದಳು ಗಾಳಿ. ಕೋಪ ಇನ್ನೂ ಹಾಗೇ ಇತ್ತು, ದನಿ ಗಟ್ಟಿಯಾಗಿತ್ತು. "ಅಲ್ಲಿ ನನ್ನ ಹೆಸರೂ ಬರಬೇಕು. ಒಂದೊಂದೇ ಸಾಲು ಒತ್ತಿದ್ದು ನಾನು."

ಗಡಿಯಾರ ಅವನ ಮುಖ ನೋಡಿದ.

"ಅವಳ ಹೆಸರು ಮೊದಲು ಬರಿ" ಅಂದ ಅವನು.